ಸಂತೆಬಾಚಹಳ್ಳಿಗೆ ಬಂದ ಸಮ್ಮರ್‌ಸ್ಲ್ಯಾಮ್

ಸಮ್ಮರ್‌ಸ್ಲ್ಯಾಮ್ ಎಂಬುದು ಆಗ ಡಬ್ಲ್ಯೂಡಬ್ಲ್ಯೂಎಫ್ ಎನಿಸಿದ್ದ ಅಮೆರಿಕದ ಕಂಪನಿ 1988ರಿಂದ ವರ್ಷಕ್ಕೊಮ್ಮೆ ನಡೆಸಿಕೊಂಡು ಬಂದ ವೃತ್ತಿಪರ ಕುಸ್ತಿಯ ದೊಡ್ಡ ಪ್ರದರ್ಶನ. 1994ರಲ್ಲಿ ಅದು ನಡೆದದ್ದು ಆಗಸ್ಟ್ 29ರಂದು, ಶಿಕಾಗೋ ನಗರದ ಯುನೈಟೆಡ್ ಸೆಂಟರ್‌ನಲ್ಲಿ. ಆಗಷ್ಟೇ ಕಟ್ಟಿ ಮುಗಿಸಿದ್ದ ಆ ಕ್ರೀಡಾಂಗಣದಲ್ಲಿ ನಡೆದ ಮೊದಲ ಕಾರ್ಯಕ್ರಮವೂ ಅದೇ. ಮಂಡ್ಯ ಜಿಲ್ಲೆ ಕೃಷ್ಣರಾಜಪೇಟೆ ತಾಲ್ಲೂಕಿನ ಸಂತೆಬಾಚಹಳ್ಳಿ ಹೋಬಳಿಯಲ್ಲಿ ತೊಂಬತ್ತರ ದಶಕದಲ್ಲಿ ಬೆಳೆದ ಹುಡುಗರಿಗೆ ಈ ಪ್ರದರ್ಶನದ ಹೆಸರೂ ತಿಳಿದಿರಲಿಲ್ಲ, ಅದು ನಡೆದ ಊರೂ ತಿಳಿದಿರಲಿಲ್ಲ. ಆದರೆ ಅದರ ಕೊನೆಯ ಪಂದ್ಯದ ಸುದ್ದಿ ಮಾತ್ರ ಪ್ರತಿ ಶಾಲೆಯ ಬಯಲಲ್ಲೂ ಓಡಾಡುತ್ತಿತ್ತು. ಆ ಪಂದ್ಯದಲ್ಲಿ ಅಂಡರ್‌ಟೇಕರ್‌ಗೆ ಎದುರಾಗಿ ನಿಂತವನೂ ಅಂಡರ್‌ಟೇಕರ್.

ಆ ಹುಡುಗರಿಗೆ ಈಗ ನಲವತ್ತರ ಆಸುಪಾಸು. 2025ರ ಏಪ್ರಿಲ್‌ನಿಂದ ಈ ಕಂಪನಿಯ ಕಾರ್ಯಕ್ರಮಗಳು ಭಾರತದಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂದವು. ಅದೇ ವರ್ಷದ ಜುಲೈ 24ರಂದು ಕಂಪನಿಯ ಹಳೆಯ ತಾರೆ ಹಲ್ಕ್ ಹೋಗನ್ ತೀರಿಕೊಂಡರು. ಆ ಸುದ್ದಿ ಹರಡಿದ ದಿನಗಳಲ್ಲಿ ಹಳೆಯ ಪಂದ್ಯಗಳ ತುಣುಕುಗಳು ಊರಿನ ಗೆಳೆಯರ ವಾಟ್ಸ್‌ಆ್ಯಪ್ ಗುಂಪುಗಳಲ್ಲೆಲ್ಲ ತುಂಬಿಕೊಂಡವು. ಬೆಂಗಳೂರಿನ ಬಾಡಿಗೆ ಮನೆಗಳಲ್ಲಿ, ಹಬ್ಬಕ್ಕೆ ಊರಿಗೆ ಹೊರಟ ಬಸ್ಸುಗಳಲ್ಲಿ ಕೂತು ಅವನ್ನು ಹುಡುಕಿ ನೋಡಿದವರಿಗೆ, ಮೂವತ್ತು ವರ್ಷದ ಹಿಂದೆ ಚೂರುಚೂರಾಗಿ ದಕ್ಕಿದ್ದ ಕಥೆ ಮೊದಲ ಸಲ ಅದರ ಕ್ರಮದಲ್ಲೇ ಸಿಕ್ಕಿತು.

ಕ್ರಮ ಹೀಗಿದೆ. ಮಾರ್ಕ್ ಕ್ಯಾಲವೇ ಎಂಬ ಟೆಕ್ಸಸ್‌ನ ಕುಸ್ತಿಪಟು ಅಂಡರ್‌ಟೇಕರ್ ವೇಷದಲ್ಲಿ ಜನರೆದುರು ಬಂದದ್ದು 1990ರ ನವೆಂಬರ್ 22ರಂದು, ಅದೇ ಕಂಪನಿಯ ಸರ್ವೈವರ್ ಸೀರೀಸ್ ಪ್ರದರ್ಶನದಲ್ಲಿ. ಹೆಣ ಹೂಳುವವನ ಪಾತ್ರ ಅದು. ಕಪ್ಪು ಕೋಟು, ಅಗಲ ಅಂಚಿನ ಟೋಪಿ, ಕಣ್ಣು ಮುಚ್ಚುವಂತೆ ಇಳಿಬಿದ್ದ ಕೂದಲು, ಎಷ್ಟು ಪೆಟ್ಟು ಬಿದ್ದರೂ ನೋವೇ ಕಾಣದ ಮುಖ. ಪಕ್ಕದಲ್ಲಿ ಪಾಲ್ ಬೇರರ್ ಎಂಬ ಬಿಳಿಚಿದ ಮುಖದ ಮ್ಯಾನೇಜರು, ಅವನ ಕೈಯಲ್ಲಿ ಚಿತಾಭಸ್ಮದ ಕಲಶ. ಅಂಡರ್‌ಟೇಕರ್‌ನ ಶಕ್ತಿಯೆಲ್ಲ ಆ ಕಲಶದಲ್ಲಿದೆ ಎಂಬುದು ಕಥೆ. 1994ರ ಜನವರಿ 22ರ ರಾಯಲ್ ರಂಬಲ್‌ನಲ್ಲಿ ಅವನಿಗೂ ಭಾರೀ ತೂಕದ ಯೊಕೊಜುನಾಗೂ ಶವಪೆಟ್ಟಿಗೆಯ ಪಂದ್ಯ ನಡೆಯಿತು. ಎದುರಾಳಿಯನ್ನು ಪೆಟ್ಟಿಗೆಗೆ ತಳ್ಳಿ ಮುಚ್ಚಳ ಹಾಕಿದವನೇ ಗೆದ್ದವನು. ಹಲವು ಮಂದಿ ಒಬ್ಬೊಬ್ಬರಾಗಿ ಯೊಕೊಜುನಾನ ಸಹಾಯಕ್ಕೆ ನುಗ್ಗಿದರು, ಕಲಶದಿಂದ ಹೊಗೆ ಎದ್ದಿತು, ಪೆಟ್ಟಿಗೆ ಮುಚ್ಚಿತು. ಸ್ವಲ್ಪ ಹೊತ್ತಿಗೆ ಅಂಡರ್‌ಟೇಕರ್‌ನ ಆಕೃತಿ ಕ್ರೀಡಾಂಗಣದ ಸೂರಿನ ಕಡೆಗೆ ಏರಿಹೋಯಿತು. ತೆರೆಯ ಹಿಂದಿನ ಕಾರಣ ಸರಳ. ಕ್ಯಾಲವೇ ಅವರ ಬೆನ್ನಿಗೆ ಗಾಯವಾಗಿತ್ತು, ವಿಶ್ರಾಂತಿ ಬೇಕಿತ್ತು.

ಕೆಲವು ತಿಂಗಳ ಮೇಲೆ ಟೆಡ್ ಡಿಬಿಯಾಸಿ ಎಂಬ ದುಡ್ಡಿನ ಗರ್ವದ ಪಾತ್ರಧಾರಿ, ಅಂಡರ್‌ಟೇಕರ್‌ನನ್ನು ತಾನು ವಾಪಸು ಕರೆತಂದೆ ಎಂದು ಸಾರಿದ. 1990ರಲ್ಲಿ ಅವನನ್ನು ಮೊದಲು ಕಣಕ್ಕೆ ಕರೆತಂದವನೂ ಡಿಬಿಯಾಸಿಯೇ ಆದ್ದರಿಂದ ಈ ಮಾತನ್ನು ಜನ ಅರ್ಧ ನಂಬಿದರು. ಪಾಲ್ ಬೇರರ್ ಮಾತ್ರ ಇವನು ನಕಲಿ ಎಂದ, ನಿಜವಾದವನು ಶಿಕಾಗೋಗೆ ಬರುತ್ತಾನೆ ಎಂದ. ಆಗಸ್ಟ್ 29ರ ರಾತ್ರಿ ಬೂದು ಬಣ್ಣದ ಕೈಗವಸು ತೊಟ್ಟು ಬಂದವನು ನಕಲಿ, ನೇರಳೆ ಬಣ್ಣದ್ದು ತೊಟ್ಟು ಬಂದವನು ಅಸಲಿ. ನಕಲಿಯ ವೇಷದಲ್ಲಿದ್ದವರು ಬ್ರಯಾನ್ ಲೀ ಎಂಬ ಕುಸ್ತಿಪಟು. ಪಂದ್ಯ ಹತ್ತು ನಿಮಿಷವೂ ನಡೆಯಲಿಲ್ಲ. ಎದುರಾಳಿಯನ್ನು ತಲೆಕೆಳಗಾಗಿ ಅಪ್ಪಿ ಹಿಡಿದು ಮಂಡಿಯೂರಿ ನೆಲಕ್ಕೆ ಕುಕ್ಕುವ ಟೂಂಬ್‌ಸ್ಟೋನ್ ಪಟ್ಟನ್ನು ಮೂರು ಸಲ ಹಾಕಿ ಅಸಲಿಯು ಗೆದ್ದ. ಈಗ ನೋಡಿದರೆ ಇದು ಒಳ್ಳೆಯ ಪಂದ್ಯವೇ ಅಲ್ಲ. ಇಬ್ಬರದೂ ನಿಧಾನದ ಚಲನೆ, ಜನರ ಕೂಗೂ ಕಡಿಮೆ. ನೆನಪಿನಲ್ಲಿ ಅದು ಅಷ್ಟು ದೊಡ್ಡದಾಗಿ ಉಳಿಯಲು ಕಾರಣ ಕುಸ್ತಿಯಲ್ಲ, ಅದರ ಹಿಂದಿನ ಏಳು ತಿಂಗಳ ಕಥೆ.

ಅದೇ ರಾತ್ರಿಯ ನಿಜವಾದ ದೊಡ್ಡ ಕುಸ್ತಿ ಹಾರ್ಟ್ ಸಹೋದರರದು. ಕೆನಡಾದ ಕ್ಯಾಲ್ಗರಿ ನಗರದ ಸ್ಟೂ ಹಾರ್ಟ್ ಅವರಿಗೆ ಹನ್ನೆರಡು ಮಕ್ಕಳು, ಅವರಲ್ಲಿ ಎಂಟು ಗಂಡು. ಮನೆಯ ನೆಲಮಾಳಿಗೆಯೇ ಅವರ ಸಾಮು ಮನೆ. ಎಷ್ಟೋ ಕುಸ್ತಿಪಟುಗಳು ಅಲ್ಲಿ ನೋವು ತಿಂದು ಪಳಗಿದರು. ಅವರ ಮಗ ಬ್ರೆಟ್ ಆಗಲೇ ಹೆಸರಾದವನು, ಕಿರಿಯ ಮಗ ಓವೆನ್ ಅಣ್ಣನ ನೆರಳಿನಲ್ಲಿ ನಿಂತವನು. ರಾಯಲ್ ರಂಬಲ್‌ನಲ್ಲಿ ಜೋಡಿಯಾಗಿ ಆಡಿ ಸೋತಾಗ ತಮ್ಮ ಅಣ್ಣನ ಗಾಯಗೊಂಡ ಕಾಲಿಗೇ ಒದ್ದ. ಮಾರ್ಚ್ 20ರ ರೆಸಲ್‌ಮೇನಿಯಾದ ಮೊದಲ ಪಂದ್ಯದಲ್ಲಿ ತಮ್ಮ ಅಣ್ಣನನ್ನು ಸೋಲಿಸಿದ. ಅದೇ ರಾತ್ರಿ ಅಣ್ಣ ಯೊಕೊಜುನಾನನ್ನು ಸೋಲಿಸಿ ಚಾಂಪಿಯನ್ ಆದ. ಗೆದ್ದ ತಮ್ಮನ ಕೈ ಖಾಲಿ, ಸೋತ ಅಣ್ಣನ ಸೊಂಟದಲ್ಲಿ ಪಟ್ಟಿ. ಅಲ್ಲಿಂದ ಮುಂದಕ್ಕೆ ಕಥೆ ತಾನಾಗಿ ಬೆಳೆಯಿತು. ಆಗಸ್ಟ್‌ನಲ್ಲಿ ಇಬ್ಬರನ್ನೂ ಕಬ್ಬಿಣದ ಪಂಜರದೊಳಗೆ ಬಿಟ್ಟರು. ಮೊದಲು ಹೊರಬಂದವನಿಗೆ ಗೆಲುವು. ಅರ್ಧ ಗಂಟೆಗೂ ಮೀರಿದ ಕುಸ್ತಿ ಅದು. ಕೊನೆಗೆ ಓವೆನ್‌ನ ಕಾಲು ಪಂಜರದ ಸರಳಿಗೆ ಸಿಕ್ಕಿ ಅವನು ತಲೆಕೆಳಗಾಗಿ ನೇತಾಡುತ್ತಿರುವಾಗ ಬ್ರೆಟ್ ನೆಲಕ್ಕಿಳಿದ. ತಂದೆ ತಾಯಿ, ಒಡಹುಟ್ಟಿದವರು ಕಣದ ಪಕ್ಕದಲ್ಲೇ ಕೂತಿದ್ದರು. ಬದುವಿನ ಒಂದು ಮೊಳ ಜಾಗಕ್ಕೆ ಅಣ್ಣತಮ್ಮಂದಿರು ವರ್ಷಗಟ್ಟಲೆ ಮಾತು ಬಿಟ್ಟಿದ್ದನ್ನು ಕಂಡಿದ್ದ ಹಳ್ಳಿಯ ಹುಡುಗರಿಗೆ ಈ ಜಗಳವನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಇಂಗ್ಲಿಷ್ ಒಂದಕ್ಷರ ಬಾರದ ಅಜ್ಜಿಯರೂ ಟಿವಿ ಮುಂದೆ ಕೂತು ತಮ್ಮನನ್ನು ಶಪಿಸುತ್ತಿದ್ದರು.

ಉಳಿದ ಪಂದ್ಯಗಳಲ್ಲಿ ರೇಜರ್ ರಾಮನ್ ಡೀಸೆಲ್‌ನನ್ನು ಸೋಲಿಸಿದ್ದೂ, ಲೆಕ್ಸ್ ಲೂಗರ್‌ಗೆ ಗೆಳೆಯ ಟಟಾಂಕಾ ಮೋಸ ಮಾಡಿ ಡಿಬಿಯಾಸಿಯ ಪಾಳೆಯ ಸೇರಿದ್ದೂ ಮುಖ್ಯ.

ಇಂಥ ಪ್ರದರ್ಶನಗಳನ್ನು ಅಮೆರಿಕದವರು ಮನೆಯಲ್ಲಿ ಕೂತು ನೋಡಬೇಕಾದರೆ ಪ್ರತಿ ಸಲವೂ ಬೇರೆಯಾಗಿ ಹಣ ಕಟ್ಟಬೇಕಿತ್ತು. ಇದೇ ಪೇ-ಪರ್-ವ್ಯೂ ಪದ್ಧತಿ. 1994ರಲ್ಲಿ ಡಬ್ಲ್ಯೂಡಬ್ಲ್ಯೂಎಫ್‌ಗೆ ಇಂಥ ಐದು ದೊಡ್ಡ ದಿನಗಳಿದ್ದವು: ರಾಯಲ್ ರಂಬಲ್, ರೆಸಲ್‌ಮೇನಿಯಾ, ಕಿಂಗ್ ಆಫ್ ದ ರಿಂಗ್, ಸಮ್ಮರ್‌ಸ್ಲ್ಯಾಮ್, ಸರ್ವೈವರ್ ಸೀರೀಸ್. ವಾರವಾರದ ಪುಕ್ಕಟೆ ಕಾರ್ಯಕ್ರಮದಲ್ಲಿ ಹಗೆ ಹೊತ್ತಿಸುವುದು, ದೊಡ್ಡ ದಿನ ಅದನ್ನು ತೀರಿಸುವುದು. ಜನ ದುಡ್ಡು ಕೊಡುತ್ತಿದ್ದದ್ದು ಆ ತೀರುವಳಿಗೆ. ಫಲಿತಾಂಶ ಮೊದಲೇ ಗೊತ್ತುಮಾಡಿದ್ದು ಎಂಬುದೂ ಗುಟ್ಟಾಗಿ ಉಳಿದಿರಲಿಲ್ಲ. 1989ರಲ್ಲೇ ಕಂಪನಿಯು ನ್ಯೂಜೆರ್ಸಿ ರಾಜ್ಯದ ಶಾಸನಸಭೆಯೆದುರು ಇದು ಸ್ಪರ್ಧೆಯಲ್ಲ, ಮನರಂಜನೆ ಎಂದು ಒಪ್ಪಿಕೊಂಡಿತ್ತು. ಹಾಗೆ ಒಪ್ಪಿದರೆ ಕ್ರೀಡಾ ಆಯೋಗದ ಕಟ್ಟಳೆ, ತೆರಿಗೆಗಳಿಂದ ಬಿಡುಗಡೆ ಸಿಗುತ್ತಿತ್ತು.

ಈ ಒಪ್ಪಿಗೆ ಸಂತೆಬಾಚಹಳ್ಳಿಯವರೆಗೆ ಬರಲಿಲ್ಲ. ಕಥೆಯ ಕ್ರಮವೂ ಬರಲಿಲ್ಲ. 1991ರಲ್ಲಿ ಸ್ಟಾರ್ ಟಿವಿಯ ಉಪಗ್ರಹ ಪ್ರಸಾರ ಭಾರತಕ್ಕೆ ಬಂತು, ಪಟ್ಟಣಗಳಲ್ಲಿ ಕೇಬಲ್ ಹರಡಿತು. ಹೋಬಳಿಯ ಹಳ್ಳಿಗಳಲ್ಲಿ ಮಾತ್ರ ಬಹುಕಾಲ ದೂರದರ್ಶನವೇ ಗತಿ. ಹಬ್ಬಕ್ಕೋ ಮದುವೆಗೋ ಟಿವಿ, ವಿಸಿಪಿ ಬಾಡಿಗೆಗೆ ತಂದಾಗ, ಎರಡು ರಾಜ್‌ಕುಮಾರ್ ಚಿತ್ರಗಳ ನಡುವೆ ಒಂದು ಫೈಟಿಂಗ್ ಕ್ಯಾಸೆಟ್ಟು ಬರುತ್ತಿತ್ತು. ಅದರ ಮೇಲೆ ವರ್ಷವಿಲ್ಲ, ಹೆಸರಿಲ್ಲ. ನಕಲು ಮಾಡಿ ಮಾಡಿ ಬಣ್ಣ ಮಾಸಿದ ಟೇಪು. ಯುಗಾದಿಗೆ ಬಂದ ಕ್ಯಾಸೆಟ್ಟಿನಲ್ಲಿ ಅಂಡರ್‌ಟೇಕರ್ ಇಬ್ಬರಾಗಿದ್ದರೆ, ಗೌರಿ ಹಬ್ಬದ್ದರಲ್ಲಿ ಪೆಟ್ಟಿಗೆಯೊಳಗೆ ಸತ್ತಿರುತ್ತಿದ್ದ, ಮುಂದಿನ ಜಾತ್ರೆಯ ಹೊತ್ತಿಗೆ ಎದ್ದು ನಿಂತಿರುತ್ತಿದ್ದ. ತಿಂಗಳುಗಟ್ಟಲೆ ಜೋಡಿಸಿ ಕಟ್ಟಿದ ಕಥೆ ಹಿಂದುಮುಂದಾಗಿ ಬಂದಾಗ ನಡುವಿನ ಅಂತರವನ್ನು ಹುಡುಗರೇ ತುಂಬಿದರು. “ಅವ್ನು ಏಳು ಸತಿ ಸತ್ತು ಏಳು ಸತಿ ಎದ್ ಬಂದವ್ನೆ ಕಣ್ಲಾ” ಎಂಬ ಮಾತು ಹುಟ್ಟಿದ್ದು ಹೀಗೆ. ದೇಶದ ಬೇರೆ ಬೇರೆ ಮೂಲೆಗಳಲ್ಲಿ ಬೆಳೆದವರೂ ಇದೇ ಮಾತನ್ನು, ಏಳು ಎಂಬ ಲೆಕ್ಕವನ್ನೂ ಸೇರಿಸಿ, ನೆನಪಿಸಿಕೊಳ್ಳುತ್ತಾರೆ. ಅದನ್ನು ಹುಡುಗಾಟದ ಸುಳ್ಳು ಎಂದು ತಳ್ಳಿಹಾಕುವುದು ನ್ಯಾಯವಲ್ಲ. ಸಿಕ್ಕಿದ ಪುರಾವೆಗಳನ್ನು ಒಟ್ಟಿಗಿಟ್ಟು ನೋಡಿದರೆ ಬೇರೆ ತೀರ್ಮಾನಕ್ಕೆ ಬರಲು ದಾರಿಯೇ ಇರಲಿಲ್ಲ.

ಟಿವಿಯ ಕುಸ್ತಿಗಿಂತ ಮೊದಲು ಊರು ತಲುಪಿದ್ದು ಕಾರ್ಡುಗಳು. ಒಂದೊಂದು ಕಾರ್ಡಿನ ಮೇಲೂ ಒಬ್ಬ ಕುಸ್ತಿಪಟುವಿನ ಚಿತ್ರ. ಕೆಳಗೆ ರ‍್ಯಾಂಕ್, ಎತ್ತರ, ತೂಕ, ಎದೆಯ ಸುತ್ತಳತೆ, ತೋಳಿನ ಸುತ್ತಳತೆ, ಆಡಿದ ಪಂದ್ಯ, ಗೆದ್ದ ಪಂದ್ಯ. ಆಟಗಾರರು ಕಟ್ಟನ್ನು ಹಂಚಿಕೊಂಡು ಮೇಲಿನ ಕಾರ್ಡನ್ನು ಮಾತ್ರ ನೋಡಬೇಕು. ಸರದಿ ಬಂದವನು ಅದರಲ್ಲಿ ಯಾವುದಾದರೂ ಒಂದು ಅಂಕಿ ಕೂಗಬೇಕು. ದೊಡ್ಡ ಅಂಕಿಯವನಿಗೆ ಎದುರಾಳಿಯ ಕಾರ್ಡು ಸೇರುತ್ತದೆ. ರ‍್ಯಾಂಕ್‌ನಲ್ಲಿ ಮಾತ್ರ ಚಿಕ್ಕದು ಮೇಲು. ಯೊಕೊಜುನಾ ಕೈಗೆ ಬಂದರೆ ಕಣ್ಣುಮುಚ್ಚಿ ತೂಕ ಕೂಗಬೇಕು, ಜೈಂಟ್ ಗೊಂಜಾಲೆಜ್ ಬಂದರೆ ಎತ್ತರ. ಹೆಚ್ಚು ಬಳಸಿದ ಕಾರ್ಡಿನ ಮೂಲೆ ಬಿರಿದು ಪದರ ಏಳುತ್ತಿತ್ತು. ಅದಕ್ಕೆ ಅನ್ನದ ಅಗುಳು ತಿಕ್ಕಿ, ಪಠ್ಯಪುಸ್ತಕದ ನಡುವೆ ಇಟ್ಟು, ಮೇಲೆ ಕಲ್ಲು ಹೇರಿ ಅಂಟಿಸುತ್ತಿದ್ದರು. ಕಾಪಿಬರಹಕ್ಕೆ ಬಗ್ಗದ ಎಷ್ಟೋ ಹುಡುಗರು ಇಂಗ್ಲಿಷ್ ಅಕ್ಷರ ಕೂಡಿಸಿ ಓದಲು ಕಲಿತದ್ದು ಈ ಹೆಸರುಗಳಿಂದಲೇ.

ರಾಗಿ ಹುಲ್ಲಿನ ಮೆದೆಯ ಪಕ್ಕ ಪಂದ್ಯಗಳು ನಡೆಯುತ್ತಿದ್ದವು. ಯಾರು ಅಂಡರ್‌ಟೇಕರ್ ಎಂಬುದಕ್ಕೇ ಅರ್ಧ ದಿನದ ಜಗಳ. ಕೊನೆಗೆ ಇಬ್ಬರೂ ಅವನೇ ಆಗುತ್ತಿದ್ದರು. ಮೆದೆಯ ಮೇಲಿಂದ ಹಾರಿ ತೋಳು ಮುರಿದುಕೊಂಡವರು, ಬಿದಿರಿನ ದಬ್ಬೆ ಕಟ್ಟಿಸಿಕೊಂಡು ಮನೆಯಲ್ಲಿ ಏಟು ತಿಂದವರು ಹಲವರು. ಆ ಏಟು ಸರಿಯಾಗಿಯೇ ಬಿದ್ದಿತ್ತು. ಪಳಗಿದ ಮೈಗಳು ಕಲಿತು ಮಾಡುವುದನ್ನು ಮಕ್ಕಳು ಬರಿದೇ ನೋಡಿ ಮಾಡುತ್ತಿದ್ದರು, ಕುತ್ತಿಗೆ ಮುರಿಯದೆ ಉಳಿದದ್ದು ಪುಣ್ಯ.

ಗರಡಿಯ ಹಿರಿಯರಿಗೆ ಈ ಹುಚ್ಚು ಹಿಡಿಸುತ್ತಿರಲಿಲ್ಲ. ಪಕ್ಕದೂರಿನ ಗರಡಿಯಲ್ಲಿ ಸಾಮು ಕಲಿಸುತ್ತಿದ್ದ ಒಬ್ಬರು, ಕಿವಿ ಮಡಿಚಿ ಗಂಟಾದ ಮುದುಕರು, ಹುಡುಗರ ಗುಂಪನ್ನು ಕಂಡಾಗಲೆಲ್ಲ ಹೇಳುತ್ತಿದ್ದದ್ದು ಒಂದೇ ಮಾತು: “ಅವ್ರು ಮೊದ್ಲೇ ಮಾತಾಡ್ಕಂಡಿರ್ತಾರೆ ಕಣ್ರಲಾ. ಒಬ್ಬ ಹೊಡ್ದಂಗ್ ಮಾಡ್ತಾನೆ, ಒಬ್ಬ ಬಿದ್ದಂಗ್ ಮಾಡ್ತಾನೆ. ಬರೀ ನಾಟ್ಕ.” ಅವರ ಗರಡಿ ತಗ್ಗು ಬಾಗಿಲಿನ ಕತ್ತಲ ಕೋಣೆ. ತಲೆ ಬಗ್ಗಿಸಿಯೇ ಒಳಗೆ ಹೋಗಬೇಕು. ಗೋಡೆಗೆ ಕೆಮ್ಮಣ್ಣಿನ ಪಟ್ಟೆ, ಗೂಡಿನಲ್ಲಿ ಆಂಜನೇಯ, ಮೂಲೆಯಲ್ಲಿ ಗದೆ ಮತ್ತು ಕಲ್ಲಿನ ಗುಂಡು, ನಡುವೆ ಮಟ್ಟಿ. ಜರಡಿ ಹಿಡಿದ ಕೆಂಪು ಮಣ್ಣಿಗೆ ಮಜ್ಜಿಗೆ, ಎಣ್ಣೆ, ಅರಿಶಿನ, ಕುಂಕುಮ, ಕರ್ಪೂರ ಬೆರೆಸಿ ಹದ ಮಾಡಿದ ಮಣ್ಣು ಅದು. ಬರಿಗಾಲಿಗೆ ತಣ್ಣಗೆ, ಮೆತ್ತಗೆ ಹತ್ತುತ್ತಿತ್ತು. ದಂಡ, ಬಸ್ಕಿ ಮುಗಿಯದೆ ಯಾರೂ ಮಟ್ಟಿಗೆ ಇಳಿಯುವಂತಿರಲಿಲ್ಲ.

ಈ ಸೀಮೆಯ ಕುಸ್ತಿಗೆ ದೊಡ್ಡ ಹಿನ್ನೆಲೆಯಿದೆ. ಮೈಸೂರು ಅರಸರ ದಸರಾ ಶುರುವಾದದ್ದು 1610ರಲ್ಲಿ, ರಾಜ ಒಡೆಯರ ಕಾಲಕ್ಕೆ, ಶ್ರೀರಂಗಪಟ್ಟಣದಲ್ಲಿ. ಅದೇ ಪಟ್ಟಣದಿಂದ ಆಳಿದ ರಣಧೀರ ಕಂಠೀರವ ನರಸರಾಜ ಒಡೆಯರು ವೇಷ ಮರೆಸಿಕೊಂಡು ತಿರುಚಿರಾಪಳ್ಳಿಗೆ ಹೋಗಿ ಅಲ್ಲಿನ ಜಟ್ಟಿಯನ್ನು ಕೆಡವಿದ ಕಥೆ ಮನೆಮಾತು. 1960ರಲ್ಲಿ ರಾಜ್‌ಕುಮಾರ್ ಆ ಪಾತ್ರ ಮಾಡಿದ ಮೇಲೆ ಕಥೆಗೆ ಮುಖವೂ ಸಿಕ್ಕಿತು. ಪಾಂಡವಪುರದ ಕುಂತಿಬೆಟ್ಟದಲ್ಲಿ ಭೀಮ ಬಕಾಸುರನನ್ನು ಕೊಂದ ಎನ್ನುತ್ತಾರೆ. ಇಂದಿಗೂ ಮೈಸೂರು ದಸರೆಯ ಕುಸ್ತಿ ದೊಡ್ಡಕೆರೆ ಮೈದಾನದ ಅಖಾಡದಲ್ಲಿ ನಡೆಯುತ್ತದೆ. ಶ್ರೀರಂಗಪಟ್ಟಣ, ಪಾಲಹಳ್ಳಿ, ಪಾಂಡವಪುರದ ಕಡೆಯ ಪೈಲ್ವಾನರು ಅಲ್ಲಿ ಪಟ್ಟು ಹಾಕುತ್ತಾರೆ.

ಆ ಕುಸ್ತಿಗೂ ಕಥೆ ಬೇಕಿತ್ತು. ಪಂದ್ಯಕ್ಕೆ ಮೊದಲು ಜೋಡಿ ಕಟ್ಟುವ ದಿನ ಹಿರಿಯರು ಪೈಲ್ವಾನರನ್ನು ಎದುರುಬದುರು ನಿಲ್ಲಿಸಿ, ಮೈ, ತೂಕ, ವಯಸ್ಸು, ಹಿಂದಿನ ಗೆಲುವು ನೋಡಿ ಇವನಿಗೆ ಇವನು ಸಮ ಎಂದು ಗೊತ್ತುಮಾಡುತ್ತಾರೆ. ಜೋಡಿ ಕಟ್ಟುವವರಿಗೆ ಯಾರ ಸೇಡು ಬಾಕಿಯಿದೆ ಎಂಬುದು ಚೆನ್ನಾಗಿ ಗೊತ್ತು. ಹೋದ ವರ್ಷದ ಜಾತ್ರೆಯಲ್ಲಿ ಚಿತ್ ಆದವನಿಗೆ ಈ ವರ್ಷ ಅದೇ ಎದುರಾಳಿ ಸಿಕ್ಕರೆ ಎರಡು ಊರಿನ ಜನವೂ ಬಂದು ಸೇರುತ್ತಾರೆ. ಗೋಡೆಯ ಪೋಸ್ಟರಿನಲ್ಲಿ ಇಬ್ಬರ ಚಿತ್ರ ಎದುರೆದುರು, ಕೆಳಗೆ ಊರಿನ ಹೆಸರು, ಉಸ್ತಾದರ ಹೆಸರು. ಸಣ್ಣ ಹುಡುಗರ ಜೋಡಿಗಳು ಮೊದಲು ಮುಗಿಯುತ್ತವೆ. ಸೋಲು ಗೆಲುವು ತೀರ್ಮಾನವಾಗುವ ತನಕ ಬಿಡದ ಮಾರ್ಫಿಟ್ ಕುಸ್ತಿ ಕೊನೆಗೆ. ಹೆಸರಾದ ಇಬ್ಬರು ಯಾರ ಮಾನವೂ ಹೋಗದಿರಲಿ ಎಂದು ಒಳಗೊಳಗೇ ಒಪ್ಪಿಕೊಂಡು ಸಮ ಮಾಡಿಕೊಂಡ ಜೋಡಿಗಳೂ ಇದ್ದವು. ಮಟ್ಟಿಯ ಸುತ್ತ ಕೂತ ಅನುಭವಸ್ಥರು ಅದನ್ನು ಹಿಡಿದ ಮೊದಲ ಪಟ್ಟಿನಲ್ಲೇ ಗುರುತಿಸುತ್ತಿದ್ದರು.

ಮೈಸೂರಿನ ಅಂಬಾವಿಲಾಸ ಅರಮನೆಯಲ್ಲಿ ವಿಜಯದಶಮಿಯ ಬೆಳಿಗ್ಗೆ ನಡೆಯುವ ವಜ್ರಮುಷ್ಟಿ ಕಾಳಗವನ್ನೂ ಇಲ್ಲಿ ನೆನೆಯಬೇಕು. ಮೈಸೂರು, ಬೆಂಗಳೂರು, ಚಾಮರಾಜನಗರ, ಚನ್ನಪಟ್ಟಣದ ಜಟ್ಟಿ ಮನೆತನಗಳಿಂದ ಆರಿಸಿದವರು ತಲೆ ಬೋಳಿಸಿ, ಬೆರಳಿಗೆ ಮುಳ್ಳಿನ ವಜ್ರನಖ ತೊಟ್ಟು ಇಳಿಯುತ್ತಾರೆ. ಯಾರ ತಲೆಯಿಂದಲಾದರೂ ನೆತ್ತರು ಚಿಮ್ಮಿದ ಕೂಡಲೇ ಕಾಳಗ ಮುಗಿಯಿತು. ಅಲ್ಲಿ ಗೆದ್ದವರಾರು ಎಂಬುದಕ್ಕಿಂತ ನೆತ್ತರು ಬಿದ್ದು ವಿಧಿ ಪೂರೈಸಿತು ಎಂಬುದೇ ದೊಡ್ಡದು. ನಿಜವೋ ಆಟವೋ ಎಂಬ ಪ್ರಶ್ನೆಯನ್ನು ಅಲ್ಲಿ ಯಾರೂ ಕೇಳುವುದಿಲ್ಲ.

ನಾಟಕ ಎಂಬ ಬೈಗುಳವೂ ಮಂಡ್ಯ ಸೀಮೆಯ ಬಾಯಲ್ಲಿ ಸಲ್ಲುವಂಥದ್ದಲ್ಲ. ಕುರುಕ್ಷೇತ್ರ ನಾಟಕ ಆಡದ ಊರು ಇಲ್ಲಿ ಅಪರೂಪ. ರೈತರು, ಮೇಷ್ಟ್ರುಗಳು, ಬಸ್ಸಿನ ಕಂಡಕ್ಟರುಗಳು ಕೈಯಿಂದ ದುಡ್ಡು ಹಾಕಿ ಪಾತ್ರ ಹಿಡಿಯುತ್ತಾರೆ. ಕೃಷ್ಣ, ದುರ್ಯೋಧನರ ಪಾತ್ರಕ್ಕೆ ಹೆಚ್ಚು ಹಣ. ತಿಂಗಳುಗಟ್ಟಲೆ ಹಾರ್ಮೋನಿಯಂ ಮೇಷ್ಟ್ರ ಮುಂದೆ ತಾಲೀಮು. ರಾತ್ರಿಯೆಲ್ಲ ಹಾಡಿ, ಬೆಳಕು ಹರಿಯುವ ಹೊತ್ತಿಗೆ ಭೀಮ ದುರ್ಯೋಧನನ ತೊಡೆ ಮುರಿಯುತ್ತಾನೆ. ಭೀಮ ಗೆಲ್ಲುತ್ತಾನೆಂದು ಗೊತ್ತಿಲ್ಲದ ಒಬ್ಬರೂ ಆ ಚಪ್ಪರದ ಕೆಳಗಿಲ್ಲ, ಆದರೂ ಎದ್ದು ಹೋಗುವವರಿಲ್ಲ. ಗರಡಿಯ ಆ ಹಿರಿಯರೇ ಪ್ರತಿ ವರ್ಷ ಮುಂದಿನ ಸಾಲಿನಲ್ಲಿ ಕೂತು, ಕರ್ಣ ಬಿದ್ದಾಗ ಟವೆಲಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಅಣ್ಣತಮ್ಮಂದಿರ ಹಗೆ, ನಂಬಿದವನ ದ್ರೋಹ, ವೇಷ ಹಾಕಿದ ನಕಲಿ ಎಲ್ಲವೂ ಆ ಚಪ್ಪರದಲ್ಲೂ ಇತ್ತು, ಶಿಕಾಗೋದಲ್ಲೂ ಇತ್ತು. ಡಬ್ಲ್ಯೂಡಬ್ಲ್ಯೂಎಫ್ ಅನ್ನು ಕುಸ್ತಿಯ ಅಳತೆಯಲ್ಲಿ ಅಳೆದದ್ದರಿಂದ ಅದು ಸುಳ್ಳಾಗಿ ಕಂಡಿತು. ಕುರುಕ್ಷೇತ್ರದ ಪಕ್ಕದಲ್ಲಿಟ್ಟು ನೋಡಿದ್ದರೆ ಅದರ ಕಸುಬು ಆ ಹಿರಿಯರಿಗೇ ಮೊದಲು ಹಿಡಿಸುತ್ತಿತ್ತು.

ಮೈ ತೆತ್ತ ಬೆಲೆಯಲ್ಲಂತೂ ನಟನೆ ಇರಲಿಲ್ಲ. ಓವೆನ್ ಹಾರ್ಟ್ 1999ರ ಮೇ 23ರಂದು ಕ್ಯಾನ್ಸಾಸ್ ಸಿಟಿಯ ಪ್ರದರ್ಶನದಲ್ಲಿ ಸೂರಿನಿಂದ ಹಗ್ಗದ ಮೇಲೆ ಇಳಿಯುವಾಗ ಕೊಂಡಿ ಬಿಚ್ಚಿಕೊಂಡು ಬಿದ್ದು ಸತ್ತರು. ಪ್ರದರ್ಶನ ಆ ರಾತ್ರಿಯೇ ಮುಂದುವರಿಯಿತು. ಇದನ್ನು ಮಾತ್ರ ಯಾವ ಕಾರಣದಿಂದಲೂ ಸಮರ್ಥಿಸಲಾಗದು. ತೂಕವನ್ನೇ ಬಂಡವಾಳ ಮಾಡಿಕೊಂಡಿದ್ದ ಯೊಕೊಜುನಾ, ಜಪಾನಿನವನೆಂದು ಹೇಳಿ ಆಡಿಸಿದ ಸಮೋವ ಮೂಲದ ರಾಡ್ನಿ ಅನೊವಾಯಿ, 2000ದಲ್ಲಿ 34ನೇ ವಯಸ್ಸಿಗೇ ತೀರಿಕೊಂಡರು. ಪಂಜರದ ಪಕ್ಕ ಕೂತಿದ್ದ ಹಾರ್ಟ್ ಮನೆಯ ಅಳಿಯ ಡೇವಿ ಬಾಯ್ ಸ್ಮಿತ್ 2002ರಲ್ಲಿ, 39ಕ್ಕೆ. ಅದೇ ವರ್ಷ ಬ್ರೆಟ್ ಹಾರ್ಟ್‌ಗೆ ಪಾರ್ಶ್ವವಾಯು ಬಡಿಯಿತು. ಕಾರ್ಡು ಹಿಡಿದು ಹುಡುಗರು ಕೂಗುತ್ತಿದ್ದ ತೂಕವೇ ಯೊಕೊಜುನಾನ ದೇಹವನ್ನು ಮುರಿಯಿತು.

ಗರಡಿಯ ನೆನಪಿಗೂ ಇದೇ ನೇರ ನೋಟ ಬೇಕು. ಗರಡಿಯ ಬಾಗಿಲು ಎಲ್ಲ ಕೇರಿಯ ಹುಡುಗರಿಗೂ ಒಂದೇ ಸಮನೆ ತೆರೆದಿರಲಿಲ್ಲ. ಹೆಂಗಸರು ಮಣ್ಣು ಮುಟ್ಟುವುದಿರಲಿ, ಹೊಸ್ತಿಲು ದಾಟುವಂತೆಯೂ ಇರಲಿಲ್ಲ. ಕಾರ್ಡಿನ ಆಟಕ್ಕೆ ಈ ಕಟ್ಟು ಇರಲಿಲ್ಲ. ಎಲ್ಲ ಕೇರಿಯ ಮಕ್ಕಳೂ ಶಾಲೆಯ ಜಗಲಿಯ ಮೇಲೆ ಒಂದೇ ವೃತ್ತದಲ್ಲಿ ಕೂರುತ್ತಿದ್ದರು, ಹುಡುಗಿಯರೂ ಗೆದ್ದು ಕಾರ್ಡು ಒಯ್ಯುತ್ತಿದ್ದರು.

ಟಿವಿ ಬಂದು ಗರಡಿ ಹಾಳಾಯಿತು ಎನ್ನುವವರಿದ್ದಾರೆ. ಅದು ಸರಿಯಾದ ಲೆಕ್ಕವಲ್ಲ. ಅರಮನೆಯ ಆಶ್ರಯ ಹೋಗಿ ಅದಾಗಲೇ ದಶಕಗಳಾಗಿದ್ದವು. ಹಾಲು, ತುಪ್ಪ, ಬಾದಾಮಿಯ ಖರ್ಚು ಒಬ್ಬ ಸಣ್ಣ ಹಿಡುವಳಿದಾರನ ಮನೆ ಹೊರುವಂಥದ್ದಲ್ಲ. ಮಳೆ ನೆಚ್ಚಿದ ಹೋಬಳಿಯಲ್ಲಿ ಎರಡು ವರ್ಷ ರಾಗಿ ಕೈಕೊಟ್ಟರೆ ಹುಡುಗರು ಬೆಂಗಳೂರಿನ ಬಸ್ಸು ಹತ್ತುತ್ತಿದ್ದರು. ಅಲ್ಲಿನ ಪಾಳಿ ಕೆಲಸದ ನಡುವೆ ಬೆಳಗಿನ ಸಾಮಿಗೆ ಹೊತ್ತಿರಲಿಲ್ಲ. ಕಲಿಯುವವರಿಲ್ಲದೆ ಮಟ್ಟಿ ಗಟ್ಟಿಯಾಯಿತು. ಅಗೆದು ಹದ ಮಾಡದ ಮಟ್ಟಿ ಒಂದು ವರ್ಷದಲ್ಲಿ ಕಲ್ಲಾಗುತ್ತದೆ. ಕೆಲವು ಗರಡಿಗಳಲ್ಲಿ ಈಗ ಜಿಮ್ ಇದೆ, ಕೆಲವು ಬಿದ್ದುಹೋಗಿವೆ, ಕೆಲವನ್ನು ಊರಿನವರೇ ಕೈಜೋಡಿಸಿ ಮತ್ತೆ ಎಬ್ಬಿಸಿದ್ದಾರೆ.

ಅಂಡರ್‌ಟೇಕರ್ 2020ರ ನವೆಂಬರ್ 22ರಂದು, ಮೊದಲು ಬಂದ ದಿನಕ್ಕೆ ಸರಿಯಾಗಿ ಮೂವತ್ತು ವರ್ಷಕ್ಕೆ, ಸರ್ವೈವರ್ ಸೀರೀಸ್‌ನಲ್ಲೇ ವಿದಾಯ ಹೇಳಿದರು. ಹಿಮಾಚಲ ಪ್ರದೇಶದ ದಲೀಪ್ ಸಿಂಗ್ ರಾಣಾ 2006ರಲ್ಲಿ ದಿ ಗ್ರೇಟ್ ಖಲಿಯಾಗಿ ಅವರನ್ನೇ ಕೆಡವಿ, ಮುಂದಿನ ವರ್ಷ ವಿಶ್ವ ಹೆವಿವೇಟ್ ಪಟ್ಟ ಗೆದ್ದಾಗ ಹೋಬಳಿಯಲ್ಲಿ ಮತ್ತೊಂದು ತಲೆಮಾರು ಟಿವಿ ಮುಂದೆ ಕೂತಿತು. ಮೈಸೂರು ದಸರೆಯಲ್ಲಿ ಈಗ ಮಣ್ಣಿನ ನಾಡಕುಸ್ತಿಯ ಜೊತೆಗೆ ಮ್ಯಾಟ್ ಮೇಲಿನ ಪಾಯಿಂಟ್ ಕುಸ್ತಿಯೂ ನಡೆಯುತ್ತದೆ. ಗಂಡಸರಿಗೆ ದಸರಾ ಕಂಠೀರವ, ದಸರಾ ಕೇಸರಿ ಪ್ರಶಸ್ತಿಗಳಿವೆ, ಹೆಣ್ಣುಮಕ್ಕಳಿಗೆ ದಸರಾ ಕಿಶೋರಿ. ಜೋಡಿ ಕಟ್ಟಿದ ಪಟ್ಟಿ ಊರಿನ ವಾಟ್ಸ್‌ಆ್ಯಪ್ ಗುಂಪುಗಳಿಗೆ ಬರುತ್ತದೆ, ಹುಡುಗಿಯರ ಹೆಸರಿನ ಪಕ್ಕದಲ್ಲೂ ಉಸ್ತಾದರ ಹೆಸರು ಇರುತ್ತದೆ.